ಬಲಗಡೆ ಕೂರುವವರು

ದುರುಗವ್ವ ಏನೋ ಅಂದಳು. ಭರಮಣ್ಣನಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದರೆ ಅದು ತನಗಾಗಿ ಆಡಿದ ಮಾತಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಳಬೇಕಾದದ್ದನ್ನು ಅವಳು ಅವನ ಬಲಗಡೆ ಬಂದು ಹೇಳುತ್ತಿದ್ದಳು, ಬೈಯಬೇಕಾದದ್ದನ್ನು ಎಡಗಡೆ ನಿಂತು ಬೈದುಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಇಬ್ಬರ ನಡುವೆ ಇಂಥದೊಂದು ಏರ್ಪಾಡು, ಒಬ್ಬರೂ ಬಾಯಿ ಬಿಟ್ಟು ಹೇಳದೆ, ತಾನಾಗಿ ಆಗಿಹೋಗಿತ್ತು. ಊಟಕ್ಕೆ ಕೂತರೆ ಅವಳು ಬಲಕ್ಕೆ, ಮಲಗಿದರೆ ಬಲಕ್ಕೆ. ಯಾರದಾದರೂ ಮದುವೆಗೆ ಹೋದರೆ ಪಂಕ್ತಿಯ ಎಡತುದಿಯ ಎಲೆಯನ್ನು ಅವನಿಗೆಂದು ಹಿಡಿದಿಟ್ಟು, ಮಾತಾಡುವವರೆಲ್ಲ ಅವನ ಬಲಕ್ಕೇ ಬೀಳುವಂತೆ ನೋಡಿಕೊಳ್ಳುತ್ತಿದ್ದಳು. ಎಡಗಿವಿ ಸತ್ತು ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಸಂಗತಿಯನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಬಾಕ್ಸಿಂಗಿನ ರಾಜ್ಯ ಚಾಂಪಿಯನ್ ಭರಮಣ್ಣ ಎಂದು ದಾವಣಗೆರೆಯ ಆನೆಕೊಂಡದ ತುಂಬ ಕರೆಸಿಕೊಂಡವನು ಕೆಪ್ಪ ಭರಮಣ್ಣ ಆಗಲು ಎಷ್ಟು ಹೊತ್ತು ಬೇಕು? ಊರು ಬಿರುದು ಕೊಡಲು ತಡಮಾಡುತ್ತದೆ, ಅಡ್ಡಹೆಸರು ಇಡಲು ತಡಮಾಡುವುದಿಲ್ಲ. ಈಗ ದುರುಗವ್ವ ಎಡಗಡೆ ನಿಂತು ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು, ತುಟಿ ಅಲುಗುತ್ತಲೇ ಇತ್ತು. ಇರುವ ಒಬ್ಬ ಮಗನನ್ನು ಹರಿಹರದವರ ಕೈಲಿ ಹೊಡೆಸಿಕೊಂಡು ಬರಲು ಕರೆದೊಯ್ಯುತ್ತಿದ್ದಾನೆ ಎಂದು ಅನ್ನುತ್ತಿರಬೇಕು. ಅನ್ನಲಿ ಎಂದುಕೊಂಡು ಅವನು ಸನ್ಮಾನದಲ್ಲಿ ಬಂದಿದ್ದ ಹಳೆಯ ಬಿಳಿ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

ಓಬಳೇಶ ಹೊರಗೆ ಕಟ್ಟೆಯ ಮೇಲೆ ಕೂತು ಬೂಟಿನ ಲಾಡಿ ಬಿಗಿಯುತ್ತಿದ್ದ. ಅಪ್ಪ ಹೊಸ್ತಿಲು ದಾಟಿದ್ದೇ ಎದ್ದು ನಿಂತು, ಹೊರಡೋಣೇನ್ರಿ ಉಸ್ತಾದ್, ಅಂದ. ಒಳಗಿಂದ ದುರುಗವ್ವ ಇದನ್ನು ಕೇಳಿಸಿಕೊಂಡು, ಹೆತ್ತಪ್ಪನನ್ನು ಉಸ್ತಾದ್ ಅನ್ನುವ ಮಗ ಈ ದಾವಣಗೆರೆಯಲ್ಲಿ ಇನ್ನೊಬ್ಬ ಇದ್ದರೆ ತೋರಿಸಿರಿ ಎಂದು ಗೊಣಗಿದಳು. ಅದು ಕೇಳಿಸಿತು, ಅವಳು ಬಲಗಡೆ ಇದ್ದಳು. ಗರಡಿಯ ಬಾಗಿಲು ದಾಟಿದ ಮೇಲೆ ಅಪ್ಪನಿಲ್ಲ, ಉಸ್ತಾದ್ ಅಷ್ಟೇ ಎಂದು ಹುಡುಗ ಚಿಕ್ಕವನಿದ್ದಾಗಲೇ ಭರಮಣ್ಣ ಕಟ್ಟು ಮಾಡಿದ್ದ. ಗರಡಿಯ ಮಟ್ಟಿಗೆ ಅದು ಸರಿಯಾದ ಪದ್ಧತಿಯೇ. ಆದರೆ ಹುಡುಗ ಆ ಮಾತನ್ನು ಮೈಮಣ್ಣಿನ ಜೊತೆಗೆ ಮನೆಗೂ ತಂದ, ತೊಳೆದುಕೊಳ್ಳಲೇ ಇಲ್ಲ. ಮನೆಯಲ್ಲಾದರೂ ಅಪ್ಪ ಅನ್ನೋ ಎಂದು ಹೇಳಬೇಕೆಂದು ಭರಮಣ್ಣನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಹೇಳುವುದು ಹೇಗೆಂದು ತಿಳಿಯದೆ ಬಿಟ್ಟಿದ್ದ.

ಹರಿಹರದ ಬಸ್ಸಿನಲ್ಲಿ ಎಡಸಾಲಿನ ಕಿಟಕಿಯ ಸೀಟು ಸಿಕ್ಕಿತು. ಓಬಳೇಶ ಬಲಕ್ಕೆ ಕೂತ, ಮನೆಯವರೆಲ್ಲ ಕೂರುವ ಹಾಗೆ. ದಾವಣಗೆರೆ ಜಿಲ್ಲೆಯಾದ ಮೇಲೆ ಇದೇ ಮೊದಲ ಬಾಕ್ಸಿಂಗ್ ತಂಡ. ಇವತ್ತು ಗೆದ್ದವನು ಹೊಸ ಜಿಲ್ಲೆಯ ಹೆಸರನ್ನು ಬನಿಯನ್ನಿನ ಮೇಲೆ ಹಾಕಿಕೊಂಡು ರಾಜ್ಯದ ಪಂದ್ಯಕ್ಕೆ ಹೋಗುತ್ತಾನೆ. ಚಿತ್ರದುರ್ಗ ಜಿಲ್ಲೆಯ ಹೆಸರಿನಲ್ಲಿ ಅಪ್ಪ ಗೆದ್ದದ್ದನ್ನು ದಾವಣಗೆರೆಯ ಹೆಸರಿನಲ್ಲಿ ಮಗ ಗೆಲ್ಲಬೇಕು. ಈ ಮಾತನ್ನು ಭರಮಣ್ಣ ಟೀ ಅಂಗಡಿಯಲ್ಲಿ ಅಂದಿದ್ದ, ಗಿರಣಿಯ ಹಳೆಯ ಗೆಳೆಯರ ಮುಂದೆ ಅಂದಿದ್ದ, ಕೇಳದವರ ಮುಂದೆಯೂ ಅಂದಿದ್ದ. ಕಿಟಕಿಯಾಚೆ ಮುಚ್ಚಿದ ಗಿರಣಿಯ ಚಿಮಣಿ ಹಿಂದಕ್ಕೆ ಸರಿಯಿತು. ಅಲ್ಲಿ ಮಗ್ಗಗಳ ನಡುವೆ ನಿಂತಿದ್ದಷ್ಟು ವರ್ಷ ಅವನಿಗೆ ಯಾವ ಹೆದರಿಕೆಯೂ ಇರಲಿಲ್ಲ. ಆ ಗದ್ದಲದಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು, ಯಾರಿಗೂ ಯಾರ ಮಾತೂ ನೆಟ್ಟಗೆ ಕೇಳಿಸುತ್ತಿರಲಿಲ್ಲ, ಏನಂದೆ ಎಂದು ಎರಡು ಸಲ ಕೇಳಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಗಿರಣಿ ನಿಂತ ದಿನ ಎಲ್ಲರಿಗೂ ಕೆಲಸ ಹೋಯಿತು; ಅವನಿಗೆ ಅಡಗಿಕೊಳ್ಳುವ ಜಾಗವೂ ಹೋಯಿತು. ಜನ ಮೆಲ್ಲಗೆ ಮಾತಾಡತೊಡಗಿದರು. ಆಗಲೇ ಅವನು ತಲೆಯಾಡಿಸುವುದನ್ನು ಕಲಿತದ್ದು: ಕೇಳಿಸದಿದ್ದರೆ ಸ್ವಲ್ಪ ನಕ್ಕು, ಹೌದ್ಹೌದು ಅನ್ನುವುದು. ಹೀಗೆ ತಲೆಯಾಡಿಸಿ ಯಾರದೋ ಸಾವಿನ ಸುದ್ದಿಗೆ ನಕ್ಕಿದ್ದ. ಆ ದಿನ ಮನೆಗೆ ಬಂದು ಊಟ ಮಾಡಿರಲಿಲ್ಲ.

ಪಕ್ಕದಲ್ಲಿ ಮಗ ಕೂತಿದ್ದ. ಇವನ ಕೈಯಲ್ಲಿ ಬಲವಿದೆ, ಕಾಲು ಹಗುರ, ದಮ್ಮಿದೆ. ಒಂದೇ ಒಂದು ಐಬು. ಎದುರಾಳಿಯ ಮುಂದೆ ನಿಂತನೆಂದರೆ ಮುಖವನ್ನು ಎಡಕ್ಕೆ ತಿರುಗಿಸುತ್ತಾನೆ, ಬಲಗಡೆಯ ದವಡೆ, ಕಿವಿ ಎಲ್ಲ ಬಾ ಹೊಡಿ ಎಂದು ಮುಂದಕ್ಕೆ ಬರುತ್ತವೆ. ಹೆದರಿಕೆ ಎಂದು ಭರಮಣ್ಣ ತೀರ್ಮಾನ ಮಾಡಿದ್ದ. ಹೊಡೆತ ಬರುವುದನ್ನು ನೋಡಲಾರದೆ ಮುಖ ತಿರುವುತ್ತಾನೆ, ತಾಯಿಯ ಕಡೆಯ ರಕ್ತ. ತಿದ್ದಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ತಾನು ಕಲಿತ ದಾರಿ. ಸೈನ್ಯದಿಂದ ಬಂದ ಹವಾಲ್ದಾರ್ ಗುತ್ತೆಪ್ಪ ಆನೆಕೊಂಡದ ಕುಸ್ತಿ ಗರಡಿಯ ಮೂಲೆಯಲ್ಲಿ ಮರಳಿನ ಚೀಲ ಕಟ್ಟಿ ಬಾಕ್ಸಿಂಗ್ ಕಲಿಸಿದಾಗ ಬಾಯಿ ಬಿಟ್ಟು ಏನೂ ಹೇಳಿಕೊಡುತ್ತಿರಲಿಲ್ಲ. ಉಸ್ತಾದ್ ನಿಲ್ಲುತ್ತಿದ್ದ, ಶಿಷ್ಯ ನೋಡಿ ಹಾಗೆಯೇ ನಿಲ್ಲುತ್ತಿದ್ದ. ಉಸ್ತಾದ್ ಕಾಲಿಟ್ಟಲ್ಲಿ ಕಾಲಿಡಬೇಕು, ಯಾಕೆ ಅನ್ನಬಾರದು. ಯಾಕೆ ಅಂದವನು ಗರಡಿಯ ಮಣ್ಣು ಮುಟ್ಟಲು ಲಾಯಕ್ಕಲ್ಲ. ಭರಮಣ್ಣನೂ ಮಗನ ಎದುರು ನಿಂತು ಅದನ್ನೇ ಮಾಡುತ್ತಿದ್ದ: ನನ್ನ ನೋಡು, ನನ್ನಂಗೆ ನಿಲ್ಲು. ಹುಡುಗ ಕಣ್ಣು ನೆಟ್ಟು ನೋಡುತ್ತಿದ್ದ, ನಿಲ್ಲುತ್ತಿದ್ದ, ಮತ್ತೆ ಮುಖ ತಿರುವುತ್ತಿದ್ದ. ತಿರುವಿದಾಗೆಲ್ಲ ಭರಮಣ್ಣ ಕೈಯಲ್ಲಿದ್ದ ಚರ್ಮದ ಪ್ಯಾಡಿನಿಂದ ಆ ಕಿವಿಗೇ ಬಾರಿಸುತ್ತಿದ್ದ, ಮರೆಯದಿರಲಿ ಎಂದು. ಯುಗಾದಿಯ ದಿನ ಬೆಳಿಗ್ಗೆ ಸ್ವಲ್ಪ ಜೋರಾಗಿಯೇ ಬಿತ್ತು. ಹಬ್ಬವೆಂದು ಗರಡಿಗೆ ನಾಲ್ಕು ಜನ ಬಂದಿದ್ದರು, ಚಾಂಪಿಯನ್ನನ ಮಗ ಯಾಕೋ ಮುಖ ಮುಚ್ಚಿಕೊಳ್ಳುತ್ತಾನಲ್ಲ ಎಂದು ಒಬ್ಬ ನಕ್ಕಿದ್ದ. ಆ ನಗು ಭರಮಣ್ಣನ ಕೈಗೆ ಇಳಿದಿತ್ತು. ಓಬಳೇಶ ಮಣ್ಣಿನಲ್ಲಿ ಕುಕ್ಕರಿಸಿ, ಅಂಗೈಯನ್ನು ಕಿವಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತಿದ್ದ. ಏನಾತು ಎಂದು ಕೇಳಿದ್ದಕ್ಕೆ, ಏನಿಲ್ರಿ ಉಸ್ತಾದ್ ಎಂದು ಎದ್ದು ನಿಂತಿದ್ದ. ಅಂದು ಮನೆಯಲ್ಲಿ ಅವನು ಬೇವುಬೆಲ್ಲವನ್ನು ಬಾಯಿಗಿಟ್ಟು ಅಗಿಯಲಾರದೆ ಉಗುಳಿದ್ದು ಭರಮಣ್ಣನಿಗೆ ಯಾಕೋ ಈಗ ಬಸ್ಸಿನಲ್ಲಿ ನೆನಪಾಯಿತು.

ಹರಿಹರದಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಶಾಮಿಯಾನದ ಕೆಳಗೆ ಹಲಗೆ ಜೋಡಿಸಿ, ನಾಲ್ಕು ಕಂಬಕ್ಕೆ ಹಗ್ಗ ಬಿಗಿದು ರಿಂಗು ಮಾಡಿದ್ದರು. ಗಿರಣಿಯ ಗೆಳೆಯರು ಕೆಲವರು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರನ್ನು ಬರಹೇಳಿದವನು ಭರಮಣ್ಣನೇ. ಓಬಳೇಶ ಅಂಗಿ ಬಿಚ್ಚಿ, ಬೇವಿನ ಮರದ ನೆರಳಿನಲ್ಲಿ ಮೈ ಬಿಸಿ ಮಾಡಿಕೊಳ್ಳಲು ಗಾಳಿಗೆ ಕೈ ಬೀಸತೊಡಗಿದ. ಆಗ ರೌಫ್ ಬಂದ. ಹರಿಹರದ ರೌಫ್, ಗ್ಯಾರೇಜು ಇಟ್ಟುಕೊಂಡು ಸಂಜೆ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಕಲಿಸುವವನು. ಇವತ್ತು ಓಬಳೇಶನ ಎದುರು ನಿಲ್ಲುವವನು ಅವನ ಶಿಷ್ಯನೇ. ಆ ಕಾಲದ ರಾಜ್ಯ ಫೈನಲಿನಲ್ಲಿ ಭರಮಣ್ಣ ಸೋಲಿಸಿದ್ದು ಆಗ ಬೇರೆ ಜಿಲ್ಲೆಯ ಪರವಾಗಿ ಆಡುತ್ತಿದ್ದ ಇವನನ್ನು, ಸೋಲುವ ಮುಂಚೆ ಭರಮಣ್ಣನ ಎಡಗಿವಿಗೆ ಬಲಗೈಯಿಂದ ಅಪ್ಪಳಿಸಿದ್ದೂ ಇವನೇ. ಗೆದ್ದವನ ಕೈಯನ್ನು ರೆಫರಿ ಮೇಲೆತ್ತಿದಾಗ ಜನ ಚಪ್ಪಾಳೆ ತಟ್ಟಿದ್ದು ಭರಮಣ್ಣನಿಗೆ ಒಂದೇ ಕಡೆಯಿಂದ ಕೇಳಿಸಿತ್ತು. ಇನ್ನೊಂದು ಕಡೆ ಬರೀ ಗುಂಯ್ ಎಂಬ ಸದ್ದು, ಕೆಲವು ದಿನದ ಮೇಲೆ ಅದೂ ಇಲ್ಲ. ರೌಫ್ ಈಗ ದಪ್ಪಗಾಗಿದ್ದ, ಗಡ್ಡ ನೆರೆತಿತ್ತು. ಬಂದವನು ನೇರ ಭರಮಣ್ಣನ ಬಲಗಡೆಗೆ ಬಂದು ನಿಂತ. ಸ್ವಲ್ಪ ಹೊತ್ತು ಓಬಳೇಶನನ್ನೇ ನೋಡಿದ.

"ಭರಮಣ್ಣಾರೆ, ಹುಡುಗ ಥೇಟ್ ನಿಮ್ಮಂಗೇ ನಿಲ್ತಾನೆ ನೋಡ್ರಿ. ಫೈನಲ್ ಆದ್ಮೇಲೆ ನೀವು ನಿಲ್ತಿದ್ರಲ್ಲ, ಹಂಗೆ. ಅದಕ್ಕಿಂತ ಮುಂಚೆ ನೀವು ಮುಖ ನೆಟ್ಟಗೆ ಇಟ್ಕಂಡು ನಿಲ್ತಿದ್ರಿ." ಆಮೇಲೆ ದನಿ ತಗ್ಗಿಸಿ, "ಅವ್ನಿಗೂ ಎಡಗಿವಿ ಕೇಳ್ಸಲ್ವೇನ್ರಿ?" ಅಂದ.

ಹೌದ್ರಿ, ಬಿಸ್ಲು ಬಾಳ ಐತೆ, ಎಂದು ಭರಮಣ್ಣ ನಕ್ಕು ತಲೆಯಾಡಿಸಿದ. ಇಷ್ಟು ವರ್ಷ ಕೇಳಿಸದ್ದನ್ನು ಕೇಳಿಸಿತೆಂದು ನಟಿಸಿದವನು ಮೊದಲ ಸಲ ಕೇಳಿಸಿದ್ದನ್ನು ಕೇಳಿಸಲಿಲ್ಲವೆಂದು ನಟಿಸಿದ್ದ. ರೌಫ್ ಅವನ ಮುಖ ನೋಡಿ, ಭುಜ ಮುಟ್ಟಿ ಹೋದ. ಹಾಗಾದರೆ ಇವನಿಗೆ ಗೊತ್ತಿತ್ತು. ಹೊಡೆದವನಿಗೆ ಹೊಡೆತ ಎಲ್ಲಿಗೆ ತಾಗಿತೆಂದು ಗೊತ್ತಿರದೆ ಇರುತ್ತದೆಯೇ? ಇಪ್ಪತ್ತು ವರ್ಷ ಎಲ್ಲಿ ಸಿಕ್ಕರೂ ಇವನು ಬಲಗಡೆಗೇ ಬಂದು ಮಾತಾಡಿಸಿದ್ದನ್ನು ಭರಮಣ್ಣ ಆಕಸ್ಮಿಕವೆಂದು ತಿಳಿದಿದ್ದ. ಮೈಯೆಲ್ಲ ಬಿಸಿಯಾಯಿತು, ನಾಚಿಕೆಯಿಂದ. ನಾಚಿಕೆಯ ಹಿಂದೆಯೇ ಇನ್ನೊಂದು ವಿಷಯ ನಿಧಾನಕ್ಕೆ ಬರುತ್ತಿತ್ತು, ಅದನ್ನು ಅವನು ಬರಗೊಡಲಿಲ್ಲ. ಹೆಸರು ಕೂಗಿದರು. ಮಗನ ತಲೆಗೆ ರಕ್ಷೆಯ ಟೋಪಿ ತೊಡಿಸುವಾಗ ಬಲಗಿವಿಯ ಹತ್ತಿರ ಸ್ಪಂಜು ಕಿತ್ತುಹೋದದ್ದು ಕಂಡಿತು. ಬೇರೆ ಟೋಪಿ ಕೇಳಬಹುದಾಗಿತ್ತು, ಕೇಳಲಿಲ್ಲ.

ಮೊದಲ ಸುತ್ತಿನಲ್ಲಿ ಓಬಳೇಶ ಚೆನ್ನಾಗಿಯೇ ಆಡಿದ. ಅವನ ಎಡಗೈ ಮೇಲಿಂದ ಮೇಲೆ ಹರಿಹರದ ಹುಡುಗನ ಮುಖಕ್ಕೆ ತಾಗುತ್ತಿತ್ತು. ಗಿರಣಿಯ ಗೆಳೆಯರು ಆನೆಕೊಂಡದ ಹೆಸರು ಹಿಡಿದು ಕೂಗುತ್ತಿದ್ದರು. ಭರಮಣ್ಣ ಗೆಲುವನ್ನು ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಆ ತಲೆಯನ್ನು. ಗದ್ದ ಎಡಭುಜದ ಕಡೆ, ಬಲಗಿವಿ ಮುಂದಕ್ಕೆ, ಕತ್ತು ಒಂದಿಷ್ಟು ವಾಲಿ. ಇದನ್ನು ಎಲ್ಲಿ ನೋಡಿದ್ದೇನೆ ಎಂದರೆ, ಕ್ಷೌರದಂಗಡಿಯ ಕನ್ನಡಿಯಲ್ಲಿ. ಅಂಗಡಿಯವನು ಏನಾದರೂ ಕೇಳಿದಾಗ ಕನ್ನಡಿಯಲ್ಲಿ ಒಬ್ಬ ಮನುಷ್ಯ ಹೀಗೆಯೇ ಬಲಗಿವಿಯನ್ನು ಮುಂದೆ ಚಾಚುತ್ತಿದ್ದ. ಫೈನಲ್ ಆದ ಮೇಲೆ ಉಸ್ತಾದರ ಕೂಗು ಕೇಳಿಸಲೆಂದು, ಎದುರಾಳಿಯ ಕಾಲಸಪ್ಪಳ ಕೇಳಿಸಲೆಂದು ಅವನ ಕತ್ತು ತಾನಾಗಿ ತಿರುಗಿತ್ತು, ಮತ್ತೆ ಹಿಂದಿರುಗಲೇ ಇಲ್ಲ. ಮುಂದಿನ ವರ್ಷ ಅದೇ ತಿರುಗಿದ ದವಡೆಗೆ ಏಟು ತಿಂದು ಸೋತು ಕೈಗವಸು ಕಳಚಿಟ್ಟಿದ್ದ. ಹುಡುಗನ ಎರಡು ಕಿವಿಯೂ ನೆಟ್ಟಗಿದ್ದವಲ್ಲ. ಅವನಿಗೆ ಕತ್ತು ತಿರುಗಿಸುವ ಯಾವ ಜರೂರೂ ಇರಲಿಲ್ಲ. ಅವನು ಹೆದರಿರಲಿಲ್ಲ, ಮುಖ ತಿರುವಿರಲಿಲ್ಲ. ಉಸ್ತಾದ್ ನಿಂತ ಹಾಗೆ ನಿಂತಿದ್ದ, ಅಷ್ಟೇ. ಹಾಗೆ ನಿಂತದ್ದಕ್ಕೆ ಉಸ್ತಾದ್ ಯಾಕೆ ಹೊಡೆಯುತ್ತಾನೆಂದು ತಿಳಿಯದೆ, ಕೇಳುವಂತೆಯೂ ಇಲ್ಲದೆ, ಇನ್ನೂ ಚೆನ್ನಾಗಿ ನೋಡಿ, ಇನ್ನೂ ಚೆನ್ನಾಗಿ ಅದನ್ನೇ ಮಾಡಿದ್ದ. ನಾನು ಇವನಿಗೆ ಬಾಕ್ಸಿಂಗ್ ಕಲಿಸಲಿಲ್ಲ, ನನ್ನ ಕೆಪ್ಪುತನ ಕಲಿಸಿದೆ.

ಗಂಟೆ ಹೊಡೆಯಿತು. ಓಬಳೇಶ ಮೂಲೆಗೆ ಬಂದು ಸ್ಟೂಲಿನ ಮೇಲೆ ಕೂತ. ಈಗ ಹೇಳಬೇಕು. ಹೇಳಬೇಕಾದದ್ದು ದೊಡ್ಡದೇನಲ್ಲ: ನನಗೆ ಎಡಗಿವಿ ಕೇಳುವುದಿಲ್ಲ, ನಾನು ಅದಕ್ಕೇ ಹಾಗೆ ನಿಲ್ಲುವುದು, ನೀನು ನಿಲ್ಲಬೇಡ. ಆದರೆ ಆ ಗದ್ದಲದಲ್ಲಿ ಹೇಳುವುದೆಂದರೆ ಕೂಗಬೇಕು. ಬೆನ್ನ ಹಿಂದೆ ಮುಂದಿನ ಸಾಲಿನಲ್ಲಿ ಗಿರಣಿಯ ಗೆಳೆಯರು, ಹಗ್ಗದಾಚೆ ಮೇಜಿನ ಮುಂದೆ ಬಾಕ್ಸಿಂಗ್ ಸಂಘದವರು. ಬಾಯಿ ತೆರೆದ. ಎಂದಿನ ಮಾತೇ ಬಂತು. "ಮುಖ ತಿರುಗಿಸಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?" ಹುಡುಗ ಆಯ್ತ್ರಿ ಉಸ್ತಾದ್ ಎಂದು ತಲೆಯಾಡಿಸಿದ. ತಲೆಯಾಡಿಸಿದ ರೀತಿ ನೋಡಿ, ಸ್ವಲ್ಪ ನಕ್ಕದ್ದನ್ನೂ ನೋಡಿ, ಇವನಿಗೆ ನಾನು ಅಂದದ್ದು ಕೇಳಿಸಲೇ ಇಲ್ಲವೇನೋ ಎಂಬ ಅನುಮಾನ ಭರಮಣ್ಣನ ಮನಸ್ಸಿನಲ್ಲಿ ಹಾದುಹೋಯಿತು. ಗಂಟೆ ಹೊಡೆಯಿತು.

ರೌಫ್ ತನ್ನ ಶಿಷ್ಯನಿಗೆ ಏನು ಹೇಳಿದ್ದನೋ, ಅವನು ಎರಡನೇ ಸುತ್ತಿನಲ್ಲಿ ಎಡಗೈಯನ್ನು ಬದಿಯಿಂದ ಬೀಸತೊಡಗಿದ. ಒಂದು ದವಡೆಗೆ, ಒಂದು ಕಿವಿಗೆ, ಮತ್ತೆ ಕಿವಿಗೆ. ತೆರೆದಿಟ್ಟ ಬಾಗಿಲಿಗೆ ಯಾರಾದರೂ ಬರುತ್ತಾರೆ, ಅವನದೇನೂ ತಪ್ಪಿಲ್ಲ. ಓಬಳೇಶನ ಕಾಲು ಒಮ್ಮೆ ಮಡಿಚಿತು, ರೆಫರಿ ಎಣಿಸಿದ, ಹುಡುಗ ಕೈ ಮೇಲೆತ್ತಿ ಆಡುತ್ತೇನೆಂದು ತೋರಿಸಿದ. ಇನ್ನೂ ಅಂಕ ಅವನ ಕಡೆಗೇ ಇದೆ ಎಂದು ಹಿಂದಿನಿಂದ ಯಾರೋ ಕೂಗಿದರು, ತಡ್ಕೋ ಓಬಳೇಶ, ತಡ್ಕೋ ಎಂದರು. ಓಬಳೇಶ ಅಪ್ಪನ ಕಡೆ ತಿರುಗಿ ಕತ್ತು ವಾಲಿಸಿದ, ಉಸ್ತಾದ್ ಏನೋ ಹೇಳುತ್ತಾನೆಂದು. ಭರಮಣ್ಣನ ಫೈನಲಿನ ದಿನ ಗುತ್ತೆಪ್ಪ ಹೀಗೆಯೇ ಮೂಲೆಯಲ್ಲಿ ನಿಂತಿದ್ದ, ಹೆಗಲ ಮೇಲೆ ಟವೆಲ್ ಇತ್ತು, ಇದ್ದಲ್ಲೇ ಇತ್ತು. ಸೋಲೊಪ್ಪಿ ನನ್ನ ಗರಡಿಯ ಟವೆಲ್ ಇವತ್ತಿನತನಕ ರಿಂಗಿಗೆ ಬಿದ್ದಿಲ್ಲ ಎಂದು ಭರಮಣ್ಣ ಕೂಡ ಅದೆಷ್ಟು ಸಲ ಎದೆ ಉಬ್ಬಿಸಿ ಅಂದಿದ್ದ. ಹರಿಹರದ ಹುಡುಗ ಮತ್ತೆ ಎಡಗೈ ಹಿಂದಕ್ಕೆಳೆದದ್ದು ಕಂಡಿತು. ಭರಮಣ್ಣ ಹೆಗಲ ಟವೆಲ್ ತೆಗೆದು ರಿಂಗಿನೊಳಕ್ಕೆ ಎಸೆದ.

ಆಮೇಲಿನದು ಅವನಿಗೆ ದೂರದಲ್ಲಿ ನಡೆದ ಹಾಗಿತ್ತು. ಗಿರಣಿಯ ಗೆಳೆಯನೊಬ್ಬ, ಗೆಲ್ಲುವ ಆಟವನ್ನು ಕೆಡಿಸಿದೆಯಲ್ಲೋ ಎಂದು ಬೈದು ಎದ್ದುಹೋದ. ರೌಫ್ ಟವೆಲನ್ನು ಹೆಕ್ಕಿ, ಧೂಳು ಕೊಡವಿ, ಮಡಿಸಿ ತಂದುಕೊಟ್ಟ. ಓಬಳೇಶನ ಕೈಗವಸಿನ ದಾರ ಬಿಚ್ಚುವಾಗ ಹುಡುಗನ ಕಣ್ಣಲ್ಲಿ ನೀರಿತ್ತು. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಬಾರದೆಂದು ಕಲಿಸಿದವನು ತಾನೇ. ಬುತ್ತಿಯ ಗಂಟು ಬಿಚ್ಚಲೇ ಇಲ್ಲ. ತಂಡದಲ್ಲಿ ಆಯ್ಕೆಯಾದವರ ಹೆಸರನ್ನು ಮೈಕಿನಲ್ಲಿ ಓದುವುದು ಬಸ್ ನಿಲ್ದಾಣದ ದಾರಿಯವರೆಗೂ ಬಲಗಿವಿಗೆ ಕೇಳಿಸುತ್ತಲೇ ಇತ್ತು.

ಸಂಜೆಯ ಬಸ್ಸು ತುಂಬಿತ್ತು. ಬಲಸಾಲಿನಲ್ಲಿ ಮಾತ್ರ ಇಬ್ಬರ ಜಾಗವಿತ್ತು. ಭರಮಣ್ಣ ಕಿಟಕಿಗೆ ಸರಿದು ಕೂತ. ಓಬಳೇಶ ಅವನ ಎಡಕ್ಕೆ ಕೂತ. ಮನೆಯವರು ಯಾರೂ ಅವನ ಎಡಕ್ಕೆ ಕೂತದ್ದಿಲ್ಲ. ಎದ್ದು ಜಾಗ ಬದಲಿಸಿಕೊಳ್ಳಬಹುದಿತ್ತು, ಇಬ್ಬರೂ ಏಳಲಿಲ್ಲ. ಊರು ದಾಟುವಾಗ ಕತ್ತಲಾಗುತ್ತ ಬಂತು, ಬಸ್ಸಿನೊಳಗೆ ದೀಪ ಹಾಕಿದರು, ಕಿಟಕಿಯ ಗಾಜಿನಲ್ಲಿ ಮಗನ ಮುಖ ಮೂಡಿತು. ಆ ಮುಖ ನೆಟ್ಟಗೆ ಮುಂದಕ್ಕೆ ನೋಡುತ್ತಿತ್ತು, ತುಟಿ ಅಲುಗಿತು. ಏನೋ ಅಂದ. ದುರುಗವ್ವನ ಹಾಗೆ ಇವನೂ ಎಡಗಡೆ ಕೂತು ಬೈದುಕೊಳ್ಳುತ್ತಿದ್ದಾನೆ, ಬೈಯಲಿ, ಬೈಸಿಕೊಳ್ಳುವುದಕ್ಕೆ ತಕ್ಕ ಕೆಲಸವನ್ನೇ ಮಾಡಿದ್ದೇನೆ ಎಂದುಕೊಂಡ. ಅಭ್ಯಾಸಬಲದಿಂದ ತಲೆಯಾಡಿಸಲು ಹೋದ, ಮುಖದ ಮೇಲೆ ಆ ಹಾಳು ನಗು ಬರುವುದರಲ್ಲಿತ್ತು. ಅದನ್ನು ತಡೆದ. ತನ್ನ ಮೇಲೆ ಅವನಿಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

"ಕೇಳಿಸ್ಲಿಲ್ಲ," ಅಂದ. "ಇನ್ನೊಂದ್ಸಲ ಹೇಳು. ನಂಗೆ ಈ ಕಿವಿ ಕೇಳ್ಸಲ್ಲ."

ಇಪ್ಪತ್ತು ವರ್ಷ ಕಾಪಾಡಿಕೊಂಡ ಮಾತು ಬಸ್ಸಿನ ಸದ್ದಿನಲ್ಲಿ ಇಷ್ಟು ಸಣ್ಣದಾಗಿ ಮುಗಿದುಹೋಯಿತು. ಓಬಳೇಶ ಪೂರ್ತಿ ಇವನ ಕಡೆ ತಿರುಗಿದ. ಅವನ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಗೊತ್ತು. ಅದಕ್ಕೇ ಈ ಕಡೆ ಕುಂತು ಹೇಳಿದ್ದು, ನಿನಗೆ ಕೇಳಬಾರದು ಅಂತ." ಉಸ್ತಾದ್ ಅನ್ನಲಿಲ್ಲ, ನೀವು ಅನ್ನಲಿಲ್ಲ. ಆಮೇಲೆ, "ನಂಗೂ ಬಲಗಿವಿ ಕೇಳ್ತಿಲ್ಲ ಅಪ್ಪ," ಅಂದ.

ಇವತ್ತು ಬಿದ್ದ ಏಟಿಗೆ ಹಾಗಾಗಿರುತ್ತದೆ, ರಾತ್ರಿ ಕಳೆದರೆ ಸರಿಹೋಗುತ್ತದೆ, ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದು ಭರಮಣ್ಣ ಅವಸರವಸರವಾಗಿ ಹೇಳತೊಡಗಿದ. ಹುಡುಗ ಅವನ ತುಟಿಯನ್ನೇ ನೋಡುತ್ತ ಕೇಳಿಸಿಕೊಂಡು, ಇಲ್ಲವೆಂದು ತಲೆ ಅಲುಗಿಸಿದ.

"ಇವತ್ತಿಂದಲ್ಲ. ಯುಗಾದಿಯಿಂದ."

ಭರಮಣ್ಣ ಕಿಟಕಿಯ ಕಡೆ ತಿರುಗಿದ. ಗಾಜಿನಲ್ಲಿ ಈಗ ಇಬ್ಬರೂ ಇದ್ದರು. ತನ್ನ ಸತ್ತ ಕಿವಿ, ಅದಕ್ಕೆ ಒತ್ತಿಕೊಂಡಂತೆ ಮಗನ ಕಿವಿ. ಯುಗಾದಿಯ ಬೆಳಿಗ್ಗೆ ನಕ್ಕವನ ಮುಖ ನೆನಪಿಗೆ ಬರಲಿಲ್ಲ. ಕೈಯಲ್ಲಿದ್ದ ಪ್ಯಾಡಿನ ತೂಕ ನೆನಪಿಗೆ ಬಂತು, ಮಣ್ಣಿನಲ್ಲಿ ಕೂತ ಹುಡುಗ ನೆನಪಿಗೆ ಬಂದ. ರೌಫ್ ತನ್ನ ಕಿವಿ ಕೆಡಿಸಿದ್ದು ಪಂದ್ಯದಲ್ಲಿ, ರೆಫರಿಯ ಮುಂದೆ, ತನ್ನ ಎರಡು ಕೈಯೂ ಹೊಡೆಯಲು ಬಿಡುವಾಗಿದ್ದಾಗ. ಗಾಜಿನ ಕಡೆಯೇ ಮುಖ ಮಾಡಿ, ಮೆಲ್ಲಗೆ, ತನಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಅಂದ. ಅಂದೆನಲ್ಲ ಎಂದು ಉಸಿರು ಬಿಟ್ಟ.

"ಏನಂದೆ?" ಓಬಳೇಶ ಕೇಳಿದ. ಎಡಗಿವಿಯನ್ನು ಮುಂದೆ ಮಾಡಿ, ಕತ್ತು ವಾಲಿಸಿ, ಅಪ್ಪನ ಕಡೆಗೆ ಬಗ್ಗಿದ್ದ. "ಜೋರಾಗಿ ಹೇಳು ಅಪ್ಪ. ಕೇಳ್ಸಲಿಲ್ಲ."

ಬಸ್ಸಿನ ತುಂಬ ಜನವಿದ್ದರು. ಮುಂದಿನ ಸೀಟಿನಲ್ಲಿ ಆನೆಕೊಂಡದ ಮುಖವೂ ಒಂದಿತ್ತು. ಭರಮಣ್ಣ ಮಗನ ಮುಖವನ್ನು ಎರಡು ಕೈಯಿಂದ ಹಿಡಿದು ತನ್ನ ಕಡೆಗೆ ನೆಟ್ಟಗೆ ತಿರುಗಿಸಿಕೊಂಡ.

"ನಿನ್ನ ಕಿವಿ ನಾನೇ ಹೊಡ್ದು ಕೆಡಿಸ್ದೆ," ಎಂದು ಮಗ್ಗದ ಮುಂದೆ ಕೂಗುತ್ತಿದ್ದ ದನಿಯಲ್ಲಿ ಹೇಳಿದ. "ನಿಂದೇನೂ ತಪ್ಪಿರ್ಲಿಲ್ಲ. ನೀ ನನ್ನಂಗೇ ನಿಂತಿದ್ದಿ."

ಮುಂದಿನವರು ತಿರುಗಿ ನೋಡಿದರು. ಈ ಸಲ ಓಬಳೇಶನಿಗೆ ಕೇಳಿಸಿತು.